ಹಾಸನಾಂಬೆಯ ಸಾಲಿನಿಂದ ಆಲ್ದೂರಿನ ಕಣದವರೆಗೆ

ಶುಕ್ರವಾರ, ಅಕ್ಟೋಬರ್ 25, 2024

ಡಿಫೆಂಡರ್ ಮಜ್ರಾವಿಯನ್ನು ನಂಬರ್ 10 ಜಾಗದಲ್ಲಿ ಆಡಿಸಿದ್ದಕ್ಕೆ ಗೆಳೆಯ ಗೋಲಿಗೆ ಬಂದ ಸಿಟ್ಟು ಕುಣಿಗಲ್ ದಾಟಿದರೂ ಇಳಿದಿರಲಿಲ್ಲ. ರಾತ್ರಿ ಹನ್ನೆರಡೂವರೆಗೆ ಶುರುವಾದ ಯುರೋಪಾ ಲೀಗ್ ಫುಟ್ಬಾಲ್ ಪಂದ್ಯ ಅದು. ಇಸ್ತಾಂಬುಲ್‌ನಲ್ಲಿ ಫೆನರ್‌ಬಾಚೆ ಜೊತೆ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ 1-1 ಡ್ರಾ. ಮುಗಿಯುವಾಗ ಎರಡೂವರೆ. ಒಂದು ಸಣ್ಣ ನಿದ್ದೆ ತೆಗೆದು ಐದಕ್ಕೆಲ್ಲ ಬೆಂಗಳೂರು ಬಿಟ್ಟಿದ್ದೆವು.

"ರೈಟ್ ಬ್ಯಾಕ್ ಆಡೋನನ್ನ ತಂದು ಸ್ಟ್ರೈಕರ್ ಹಿಂದೆ ನಿಲ್ಲಿಸ್ತಾರೇನೋ ಯಾರಾದ್ರೂ?" ಅಂತ ಗೋಲಿ ಸ್ಟೀರಿಂಗ್ ಬಡಿದ.

"ಬ್ರೂನೊ ಇರ್ಲಿಲ್ಲ ಕಣೋ. ಪೋರ್ಟೊದಲ್ಲಿ ರೆಡ್ ಕಾರ್ಡ್ ತಗೊಂಡಿದ್ದ. ಮೇನೂಗೆ ಗಾಯ. ಇನ್ಯಾರನ್ನ ಹಾಕ್ಬೇಕಿತ್ತು, ನಿನ್ನನ್ನಾ?" ಇದು ಹಿಂದಿನ ಸೀಟಿನಿಂದ ಮೇಷ್ಟ್ರು.

ಗೋಲಿ ನಮ್ಮ ಬೀದಿ ಟೀಮಿನ ಗೋಲ್‌ಕೀಪರ್, ಆ ಹೆಸರು ಅಲ್ಲಿಂದಲೇ ಬಂತು. ಮೇಷ್ಟ್ರು ನಿಜವಾಗಿಯೂ ಮೇಷ್ಟ್ರು, ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ಮೂವರಿಗೂ ಯುನೈಟೆಡ್ ಹುಚ್ಚು. 2008ರಲ್ಲಿ ಮಾಸ್ಕೋದ ಮಳೆಯಲ್ಲಿ ಚೆಲ್ಸಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿ ಹಿಡಿದಿದ್ದು, ಇನ್ನೂ ಬಿಟ್ಟಿಲ್ಲ. ಬಿಡೋದಕ್ಕೆ ಕಾರಣಗಳೇನೋ ವರ್ಷವರ್ಷಕ್ಕೂ ಜಾಸ್ತಿಯಾಗುತ್ತಿವೆ.

ಹೊರಟ ಕಾರಣ ಇಷ್ಟೇ. ಹಾಸನಾಂಬೆಯ ಬಾಗಿಲು ಗುರುವಾರ ತೆಗೆದಿದ್ದರು. ಅಮ್ಮ ಕೊಟ್ಟು ಕಳಿಸಿದ ಕಾಣಿಕೆ ಹಾಕಬೇಕಿತ್ತು. ಅಲ್ಲಿಂದ ಚಿಕ್ಕಮಗಳೂರಿನ ಆಲ್ದೂರು ಕಡೆ ಇರುವ ಅಕ್ಕನ ಮನೆ. ಭಾನುವಾರ ಯುನೈಟೆಡ್ ಪಂದ್ಯ ವೆಸ್ಟ್ ಹ್ಯಾಮ್ ಮೇಲೆ, ಅದನ್ನ ಭಾವನ ಜೊತೆ ಕೂತು ನೋಡೋದು. ಭಾವ ಲಿವರ್‌ಪೂಲ್ ಕಡೆಯವರು. ಅವರ ಜೊತೆ ನೋಡುವುದರಲ್ಲಿ ಒಂದು ಬೇರೆಯೇ ಹಿಂಸೆ ಇದೆ.

ಯಡಿಯೂರು ದಾಟಿದ ಮೇಲೆ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಮೇಷ್ಟ್ರು ಪೇಪರ್ ನ್ಯಾಪ್‌ಕಿನ್ ಮೇಲೆ ಭಾನುವಾರದ ಹನ್ನೊಂದು ಜನರನ್ನು ಬರೆದ. ಹಿಂದೆ ನಿಲ್ಲುವ ನಾಲ್ಕು ಡಿಫೆಂಡರ್‌ಗಳ ಬಗ್ಗೆ ಜಗಳವಿರಲಿಲ್ಲ. ಶಾ, ಮಲಾಸಿಯಾ, ಮಗ್ವಾಯರ್, ಯೋರೊ ಎಲ್ಲರೂ ಗಾಯದ ಪಟ್ಟಿಯಲ್ಲಿ ಇದ್ದಾಗ ಆರಿಸೋದಕ್ಕೆ ಉಳಿಯೋದು ಯಾರು? ಜಗಳ ಎಲ್ಲಾ ಮಧ್ಯದಲ್ಲಿ. ಮೇಷ್ಟ್ರು ಬರೆದಿದ್ದು ಕ್ಯಾಸೆಮಿರೊ ಮತ್ತು ಎರಿಕ್ಸನ್. ಇಬ್ಬರಿಗೂ 32 ವರ್ಷ. ಗೋಲಿ ನ್ಯಾಪ್‌ಕಿನ್ ಕಿತ್ತುಕೊಂಡು ಕ್ಯಾಸೆಮಿರೊ ಹೊಡೆದು ಹಾಕಿ ಉಗಾರ್ಟೆ ಅಂತ ಬರೆದ. ಚಟ್ನಿ ಬಿದ್ದು ರ‍್ಯಾಶ್‌ಫೋರ್ಡ್ ಹೆಸರು ಅಳಿಸಿಹೋಯಿತು. "ದೇವರೇ ಅಳಿಸಿದ್ದು, ಅಲ್ಲಿ ಅಮಾದ್ ಹಾಕು" ಅಂದ ಗೋಲಿ.

ನಾನು ಉಗಾರ್ಟೆ ಕಡೆ. ಪಿಎಸ್‌ಜಿಯಿಂದ ದುಡ್ಡು ಸುರಿದು ತಂದ ಹುಡುಗ, ಓಡೋದಕ್ಕೇ ತಂದಿದ್ದು. ಅವನನ್ನ ಕೂರಿಸಿ 32 ವರ್ಷದವರಿಬ್ಬರನ್ನ ಓಡಿಸೋದು ಯಾವ ನ್ಯಾಯ?

ಹಾಸನ ಮುಟ್ಟಿದಾಗ ಊರೇ ಸಾಲಾಗಿ ನಿಂತಿತ್ತು. ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದು ಬರುವ ಗುರುವಾರ ತೆಗೆಯುವ ಬಾಗಿಲು, ಬಲಿಪಾಡ್ಯಮಿ ಮಾರನೇ ದಿನ ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಮುಚ್ಚುವಾಗ ಹಚ್ಚಿಟ್ಟ ದೀಪ ತೆಗೆಯುವಾಗಲೂ ಉರಿಯುತ್ತಿರುತ್ತೆ ಅಂತ ನಂಬಿಕೆ. 1000 ರೂಪಾಯಿಯ ಸಾಲು, 300 ರೂಪಾಯಿಯ ಸಾಲು, ಧರ್ಮದರ್ಶನದ ಸಾಲು. ನಾವು 300ರದ್ದು ತಗೊಂಡೆವು. ಅದು ಕೂಡ ಆಮೆ ನಡಿಗೆಯೇ. ತಗಡಿನ ಚಪ್ಪರ, ಬೆವರು, ಹೂವಿನ ವಾಸನೆ, ಹಿಂದಿನಿಂದ ಯಾರದೋ ಬ್ಯಾಗು ಬೆನ್ನಿಗೆ ಒತ್ತುತ್ತಿತ್ತು.

ಸಾಲಿನಲ್ಲಿ ಮಾತು ಲೋಪೆಟೆಗಿ ಕಡೆ ತಿರುಗಿತು. ಹುಲೆನ್ ಲೋಪೆಟೆಗಿ, ವೆಸ್ಟ್ ಹ್ಯಾಮ್ ಮ್ಯಾನೇಜರ್. ಡೇವಿಡ್ ಮೋಯ್ಸ್ ಹೋದ ಮೇಲೆ ಬೇಸಿಗೆಯಲ್ಲಿ ಬಂದವನು. 100 ಮಿಲಿಯನ್ ಪೌಂಡಿಗೂ ಹೆಚ್ಚು ಖರ್ಚು ಮಾಡಿ ತಂಡ ಕಟ್ಟಿಕೊಟ್ಟರು. 8 ಪಂದ್ಯಗಳಿಂದ ಬಂದಿದ್ದು 8 ಪಾಯಿಂಟ್. ಹಿಂದಿನ ಶನಿವಾರವಷ್ಟೇ ಟಾಟನ್‌ಹ್ಯಾಮ್ ಮೇಲೆ 4-1 ಸೋಲು. ಅದರಲ್ಲಿ ಕುಡುಸ್ ರೆಡ್ ಕಾರ್ಡ್ ತಗೊಂಡು ನಮ್ಮ ಪಂದ್ಯಕ್ಕಿಲ್ಲ.

"ಭಾನುವಾರ ನಾವು ಗೆದ್ರೆ ಸೋಮವಾರ ಅವನ ಕೆಲಸ ಹೋಗುತ್ತೆ, ಬರೆದಿಟ್ಕೋ" ಅಂದ ಗೋಲಿ.

ಮುಂದೆ ನಿಂತಿದ್ದ ಆಲೂರು ಕಡೆಯ ಯಜಮಾನರೊಬ್ಬರು ತಿರುಗಿದರು. "ಯಾರ್ದಪ್ಪ ಕೆಲ್ಸ ಹೋಗೋದು?"

"ಇಲ್ಲಿಯವರಲ್ಲ ಯಜಮಾನ್ರೇ. ಲಂಡನ್ನಲ್ಲಿ ಒಬ್ರು. ಫುಟ್ಬಾಲ್ ಟೀಮ್ ಮ್ಯಾನೇಜರ್."

"ಪಾಪ. ಮಕ್ಕಳು ಮರಿ ಅವ್ರಾ?"

ಮೂವರೂ ಮುಖ ಮುಖ ನೋಡಿಕೊಂಡೆವು. ಯಾರಿಗೂ ಗೊತ್ತಿರಲಿಲ್ಲ. "ಇರ್ತಾವೆ ಬಿಡಿ" ಅಂದ ಮೇಷ್ಟ್ರು. ಯಜಮಾನರು "ತಾಯಿ ಕೈ ಹಿಡೀಲಿ" ಅಂತ ಗರ್ಭಗುಡಿ ಕಡೆ ಕೈ ಮುಗಿದರು. ಗೋಲಿಗೆ ಕಸಿವಿಸಿಯಾಯಿತು. ಎದುರಾಳಿ ಮ್ಯಾನೇಜರ್‌ಗೆ ಹಾಸನಾಂಬೆಯ ಆಶೀರ್ವಾದ ನಮ್ಮ ಎದುರಿಗೇ ಬುಕ್ ಆಗಿಬಿಟ್ಟಿತಲ್ಲ.

ಒಳಗೆ ದೇವಿ ಇರುವುದು ಹುತ್ತದ ರೂಪದಲ್ಲಿ. ನಿಲ್ಲೋಕೆ ಬಿಡಲ್ಲ, ಸರಿದು ಹೋಗಬೇಕು. ಹೊರಗೆ ಸಿದ್ಧೇಶ್ವರನಿಗೆ ಕೈ ಮುಗಿದು ಬರುವಾಗ ಸೊಸೆ ಕಲ್ಲಿನ ಕಥೆ ಬಂತು. ಅತ್ತೆಯ ಕಾಟ ತಾಳದೆ ಕಲ್ಲಾದ ಸೊಸೆ, ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ ಅಂತಾರೆ. "ನಿನ್ನ ಕ್ಯಾಸೆಮಿರೊ, ಎರಿಕ್ಸನ್ ಗಿಂತ ಆಯಮ್ಮನೇ ಸ್ಪೀಡು" ಅಂದ ಗೋಲಿ. ದೇವಸ್ಥಾನದ ಆವರಣ ಅಂತ ಮೇಷ್ಟ್ರು ಬೈಯದೆ ಸುಮ್ಮನಾದ.

ರಾತ್ರಿ ಲಾಡ್ಜಿನಲ್ಲಿ ಕೊಚ್ಚಿಯ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಕೌಂಟರಿನಲ್ಲಿದ್ದ ಹುಡುಗ ಕಣ್ಣೂರಿನವನು, ಹಳದಿ ಪಾರ್ಟಿ. ಹಿಂದೆ ಬ್ಲಾಸ್ಟರ್ಸ್‌ಗೇ ಆಡಿದ್ದ ಪೆರೇರಾ ಡಿಯಾಸ್ ಮೊದಲ ಗೋಲು ಹೊಡೆದಾಗಲೇ ಅವನ ಮುಖ ಸಣ್ಣಗಾಯಿತು. ಎಡ್ಗರ್ ಮೆಂಡೆಸ್ ಎರಡು ಹೊಡೆದು 3-1 ಮಾಡಿದ. ಹುಡುಗ ಬಿಸಿನೀರಿನ ಬಕೆಟ್ ತಂದುಕೊಟ್ಟವನು ಮಾತೇ ಆಡಲಿಲ್ಲ. ನಮ್ಮೂರ ಟೀಮ್ ಗೆದ್ದ ಖುಷಿಯಲ್ಲಿ ಒಳ್ಳೆ ನಿದ್ದೆ ಬಂತು. ಯುನೈಟೆಡ್ ಅಭಿಮಾನಿಗಳಿಗೆ ಆ ತರಹದ ನಿದ್ದೆ ಅಪರೂಪ.

ಶನಿವಾರ, ಅಕ್ಟೋಬರ್ 26

ಬೇಲೂರು, ಹಳೇಬೀಡು ನೋಡಿದೆವು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆದು ಹೊಸದಾಗಿ ಸೇರಿಸೋದು ಏನೂ ಇಲ್ಲ. ಹಳೇಬೀಡಿನಲ್ಲಿ ಮೇಷ್ಟ್ರು ಕೆಳಸಾಲಿನ ಆನೆಗಳನ್ನು ನೋಡುತ್ತಾ ತುಂಬಾ ಹೊತ್ತು ನಿಂತ. ಒಂದು ಗಂಟೆ ಫುಟ್ಬಾಲ್ ಮಾತಿಲ್ಲ ಅಂತ ಒಪ್ಪಂದವಾಗಿತ್ತು, ಬಹುತೇಕ ಪಾಲಿಸಿದೆವು.

ಹೊರಗೆ ಟೀ ಅಂಗಡಿಯಲ್ಲಿ ಮಾತ್ರ ಹೆಣ ಬಿದ್ದ ಮನೆಯ ಕಳೆ. ಪುಣೆ ಟೆಸ್ಟಿನಲ್ಲಿ ನ್ಯೂಜಿಲೆಂಡ್ ಮೇಲೆ ಭಾರತ 113 ರನ್ನಿಂದ ಸೋತಿತ್ತು. ಅದರ ಹಿಂದಿನ ವಾರ ಬೆಂಗಳೂರಿನಲ್ಲಿ 46ಕ್ಕೆ ಆಲೌಟ್ ಆಗಿದ್ದು ಎಲ್ಲರಿಗೂ ನೆನಪಿತ್ತು. ತವರಿನಲ್ಲಿ 12 ವರ್ಷಗಳ ಮೇಲೆ ಮೊದಲ ಸರಣಿ ಸೋಲು. ಒಬ್ಬರು ಗಂಭೀರ್‌ನ ಕಳಿಸಬೇಕು ಅಂದರು, ಇನ್ನೊಬ್ಬರು ರೋಹಿತ್, ಕೊಹ್ಲಿ ಇಬ್ಬರನ್ನೂ ಕೂರಿಸಬೇಕು ಅಂದರು. ಟೀ ಹಾಕುತ್ತಿದ್ದವರು "ಪಿಚ್ ಮಾಡ್ದೋನ್ನ ಹಿಡೀರಿ ಮೊದ್ಲು" ಅಂದರು. ನಾವು ಬಾಯಿ ಹಾಕಲಿಲ್ಲ. ನಮ್ಮ ಪಾಲಿನದು ಭಾನುವಾರ ಇತ್ತಲ್ಲ.

ಚಿಕ್ಕಮಗಳೂರು ದಾಟಿ ಅಕ್ಕನ ಮನೆ ಸೇರುವಾಗ ನಾಲ್ಕೂವರೆ. ತೋಟದಲ್ಲಿ ಅರೇಬಿಕಾ ಅಲ್ಲೊಂದು ಇಲ್ಲೊಂದು ಹಣ್ಣಾಗಿತ್ತು. ಆ ವರ್ಷ ಕಾಫಿಗೆ ಹಿಂದೆಂದೂ ಇಲ್ಲದ ರೇಟು. ಆದರೆ ಬಿಡದೆ ಹೊಡೆಯೋ ಮಳೆಗೆ ಕಾಯಿ ಉದುರುತ್ತಿದೆ ಅಂತ ಭಾವನಿಗೆ ಚಿಂತೆ. "ರೇಟಿದ್ದಾಗ ಬೆಳೆ ಇರಲ್ಲ, ಬೆಳೆ ಇದ್ದಾಗ ರೇಟಿರಲ್ಲ ಕಣಪ್ಪ" ಅಂದವರು ಅದೇ ಉಸಿರಿನಲ್ಲಿ "ಏನಂತೆ ನಿಮ್ಮ ಟೆನ್ ಹಾಗ್?" ಅಂತ ಕೇಳಿದರು. ಟೆನ್ ಹಾಗ್ ಅಂದರೆ ಆಗಿನ ನಮ್ಮ ಯುನೈಟೆಡ್ ಮ್ಯಾನೇಜರ್. ಭಾವನ ಮುಖದಲ್ಲಿ ಆ ಲಿವರ್‌ಪೂಲ್ ನಗು.

"ನಮ್ಮದಿರ್ಲಿ ಭಾವ, ಈ ವಾರ ಕತ್ತಿ ಇರೋದು ಲೋಪೆಟೆಗಿ ತಲೆ ಮೇಲೆ."

"ಹೌದಾ? ನಿಮ್ಮವರದು ಎಷ್ಟು ಗೋಲು ಇಲ್ಲೀವರೆಗೆ?"

8 ಲೀಗ್ ಪಂದ್ಯಗಳಲ್ಲಿ 7. ಹೇಳಲಿಲ್ಲ. ಅವರಿಗೆ ಗೊತ್ತಿದ್ದೇ ಕೇಳಿದ್ದು.

ಕಾಫಿ ಒಣಗಿಸುವ ಕಣ ಈಗ ಖಾಲಿ, ಕೊಯ್ಲು ಶುರುವಾಗುವವರೆಗೆ ಅದೇ ಮೈದಾನ. ಲೈನ್ ಮನೆಯ ಹುಡುಗರು ಆಡುತ್ತಿದ್ದರು. ಈ ಕಡೆಯ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕೆಲಸಗಾರರು ಬೇಕಾದಷ್ಟು ಜನ. ಕ್ರಿಕೆಟ್ ಬ್ಯಾಟ್ ಮುಟ್ಟದ ಹುಡುಗರು ಅವರು, ಕೆಲಸ ಬಿಟ್ಟ ತಕ್ಷಣ ಚೆಂಡು. ಒಬ್ಬನ ಮೈಮೇಲೆ ಬಣ್ಣ ಹೋದ ಚೆಲ್ಸಿಯಾ ಅಂಗಿ, ಇನ್ನೊಬ್ಬನದು ರೊನಾಲ್ಡೊ ಹೆಸರಿನ ಕೆಂಪು 7. ಇಟ್ಟಿಗೆ ಎರಡಿಟ್ಟರೆ ಗೋಲು. ಬರಿಗಾಲು. ಸಿಮೆಂಟ್ ಕಣದ ಮೇಲೆ ಸ್ಲೈಡ್ ಮಾಡುವ ಧೈರ್ಯ ಯಾರಿಗೂ ಇಲ್ಲ, ಹಾಗಾಗಿ ಎಲ್ಲರೂ ನಿಂತೇ ಚೆಂಡು ಕಸಿಯೋದು ಕಲಿತಿದ್ದಾರೆ. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅಂದರೆ ಮೇಷ್ಟ್ರ ಕಾಲಿನಿಂದ ಚೆಂಡು ಹೋಗಿದ್ದು ಅವನಿಗೇ ತಡವಾಗಿ ಗೊತ್ತಾಗುತ್ತಿತ್ತು.

ಗೋಲಿ ಕೀಪಿಂಗ್‌ಗೆ ನಿಂತ. ಅವನು ಒದ್ದ ಚೆಂಡು ಕಣ ದಾಟಿ ಗಿಡಗಳ ಮಧ್ಯೆ ಇಳಿಯಿತು. ಚೆಲ್ಸಿಯಾ ಅಂಗಿಯವನು ತರಲು ಹೋದವನು ಬಂದಾಗ ಮೀನಖಂಡದ ಮೇಲೆ ಮೂರು ಇಂಬಳ. ಅವನು ಅದನ್ನ ನೋಡಲೂ ಇಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜಿ ಎರಡನ್ನು ಬೀಳಿಸಿದ, ಮೂರನೆಯದನ್ನು ಬೆರಳಲ್ಲಿ ಕಿತ್ತು ಎಸೆದು ಥ್ರೋ ಇನ್ ಮಾಡಿದ. ರಕ್ತ ಪಾದದವರೆಗೆ ಗೆರೆ ಎಳೆದಿತ್ತು. ಗೋಲಿ ಅದನ್ನೇ ನೋಡುತ್ತಾ ನಿಂತ, ಪಕ್ಕದಿಂದ ಗೋಲಾಯಿತು.

ಆಟದ ಮಧ್ಯೆ ಅರೆಬರೆ ಹಿಂದಿ, ಅರೆಬರೆ ಕನ್ನಡದಲ್ಲಿ ಅವರನ್ನೂ ಕೇಳಿದೆವು, ಕ್ಯಾಸೆಮಿರೊನಾ, ಉಗಾರ್ಟೆನಾ ಅಂತ. ರೊನಾಲ್ಡೊ ಅಂಗಿಯವನು ಯೋಚನೆಯನ್ನೇ ಮಾಡಲಿಲ್ಲ. "ಕ್ಯಾಸೆಮಿರೊ. ಹೆಡ್ಡರ್ ಹೊಡೀತಾನೆ." ಮೇಷ್ಟ್ರು ಅವನ ಕೈ ಕುಲುಕಿದ.

ಆರು ಗಂಟೆಗೆ ಭಾವ ಆಟ ನಿಲ್ಲಿಸಿದರು. ಪಕ್ಕದ ತೋಟದ ಕಡೆ ಕಾಡಾನೆ ಇಳಿದಿದೆ ಅಂತ ಫೋನಿಗೆ ಮೆಸೇಜ್ ಬಂದಿತ್ತು. ಈ ಊರಿನಲ್ಲಿ ಎಕ್ಸ್‌ಟ್ರಾ ಟೈಮ್ ಇಲ್ಲ.

ರಾತ್ರಿ ಅಕ್ಕಿ ರೊಟ್ಟಿ, ಕೆಸುವಿನ ಪತ್ರೊಡೆ. ಅಕ್ಕ ಬಡಿಸುತ್ತಾ "ಇಲ್ಲೂ ಅದೇನಾ ಮಾತು" ಅಂದಳು. ಅಲ್ಲಿ ಭಾವ ಲೋಪೆಟೆಗಿಯ ಜಾತಕ ಬಿಚ್ಚಿದರು. 2018ರಲ್ಲಿ ಸ್ಪೇನ್ ತಂಡದ ಕೋಚ್. ವಿಶ್ವಕಪ್‌ ಶುರುವಾಗುವ ಹಿಂದಿನ ದಿನ ಕಳಿಸಿದರು, ರಿಯಲ್ ಮ್ಯಾಡ್ರಿಡ್ ಜೊತೆ ಮಾತು ಮುಗಿಸಿಕೊಂಡಿದ್ದ ಅಂತ. ಅದೇ ಅಕ್ಟೋಬರಿನಲ್ಲಿ ಬಾರ್ಸಿಲೋನಾ 5-1 ಹೊಡೆಯಿತು, ಮಾರನೇ ದಿನ ಮ್ಯಾಡ್ರಿಡ್ ಕೂಡ ಕಳಿಸಿತು. "ಆಮೇಲೆ ಸೆವಿಯಾಗೆ ಹೋಗಿ 2020ರಲ್ಲಿ ಯುರೋಪಾ ಲೀಗ್ ಗೆದ್ದ. ಸೆಮಿಫೈನಲ್ಲಿನಲ್ಲಿ ಯಾರನ್ನ ಸೋಲಿಸಿದ ಹೇಳು ನೋಡೋಣ?"

ನಮ್ಮನ್ನೇ. 2-1. ಮೊದಲ ಗೋಲು ನಮ್ಮದು, ಬ್ರೂನೊ ಪೆನಾಲ್ಟಿ. ಆಮೇಲೆ ಸೂಸೊ, ಲೂಕ್ ಡಿ ಯಾಂಗ್. ಮರೆತಿರಲಿಲ್ಲ, ನೆನಪು ಮಾಡಿಕೊಳ್ಳದೆ ಇದ್ದೆವು ಅಷ್ಟೇ.

"ಕತ್ತಿ ತಲೆ ಮೇಲಿದ್ದಾಗ ಆ ಮನುಷ್ಯ ಏನಾದ್ರೂ ಮಾಡ್ತಾನೆ, ಹುಷಾರು" ಅಂದರು ಭಾವ.

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮಾವ, ಅಂದರೆ ಭಾವನ ಅಪ್ಪ, ಆವರೆಗೆ ಸುಮ್ಮನೆ ಕೇಳುತ್ತಿದ್ದವರು, "ತೆಗೆದ್ರೆ ಉಳಿದ ಸಂಬಳ ಕೊಡ್ತಾರಾ?" ಅಂದರು.

"ಒಪ್ಪಂದ ಎಷ್ಟು ವರ್ಷಕ್ಕಿದೆಯೋ ಅದನ್ನ ನೋಡಿ ಪರಿಹಾರ ಕೊಡ್ತಾರೆ ಮಾವ. ಕೋಟಿಗಟ್ಟಲೆ."

"ಹಂಗಾದ್ರೆ ನೀವ್ಯಾಕ್ರೋ ಊಟ ಬಿಟ್ಟು ಮಾತಾಡ್ತೀರ."

ಭಾನುವಾರ, ಅಕ್ಟೋಬರ್ 27

ಬೆಳಗ್ಗೆ ಎದ್ದಾಗ ಭಾವ ಫೋನ್ ಹಿಡಿದು ನಗುತ್ತಿದ್ದರು. ರಾತ್ರಿ ಮ್ಯಾಡ್ರಿಡ್‌ನಲ್ಲೇ ರಿಯಲ್ ಮ್ಯಾಡ್ರಿಡ್ ಮೇಲೆ ಬಾರ್ಸಿಲೋನಾ 4-0. ಎಂಬಾಪೆ ಪದೇ ಪದೇ ಆಫ್‌ಸೈಡ್. ಯಾರು ಸೋತರೂ ಖುಷಿಪಡುವ ಮನುಷ್ಯ ಇವರು.

ಮುಳ್ಳಯ್ಯನಗಿರಿಗೆ ಹೋಗಿಬಂದೆವು. ಕೈಮರದ ಚೆಕ್‌ಪೋಸ್ಟಿನಲ್ಲಿ ವಾಹನಗಳ ಸಾಲು, ಭಾನುವಾರ ಅಲ್ವಾ. 1,930 ಮೀಟರ್ ಎತ್ತರಕ್ಕೆ ಹತ್ತಿ ನಿಂತರೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಕರ್ನಾಟಕದ ತುತ್ತತುದಿಯಲ್ಲಿ ನಿಂತು ಗೋಲಿ ಕೇಳಿದ್ದು, "ಆರೂವರೆಗೆ ಅಲ್ವಾ ಪಂದ್ಯ? ಬೇಗ ಇಳಿಯೋಣ."

"ಏಳೂವರೆ" ಅಂದ ಮೇಷ್ಟ್ರು. ಇಂಗ್ಲೆಂಡಿನವರು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿ ಮಧ್ಯಾಹ್ನ ಎರಡಕ್ಕೇ ಪಂದ್ಯ, ನಮಗೆ ಮಾತ್ರ ಆರೂವರೆ ಇದ್ದಿದ್ದು ಏಳೂವರೆ ಆಗುತ್ತದೆ. ಮಾರ್ಚ್ ಕೊನೆವರೆಗೆ ಇದೇ. ಚಳಿಗಾಲದಲ್ಲಿ ನಮ್ಮ ನಿದ್ದೆಯ ಒಂದು ಗಂಟೆ ಹೋಗೋದು ಹೀಗೆ.

ಆರು ದಾಟಿದ ಮೇಲೆ ತಂಡದ ಪಟ್ಟಿ ಬಂತು. ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗೋದು ಹಿತ್ತಲಿನ ನೀರೊಲೆ ಪಕ್ಕ ಮಾತ್ರ. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಓದಿದೆವು. ಒನಾನ. ದಾಲೊ, ಡಿ ಲಿಟ್, ಮಾರ್ಟಿನೆಸ್, ಮಜ್ರಾವಿ. ಕ್ಯಾಸೆಮಿರೊ, ಎರಿಕ್ಸನ್. ಗಾರ್ನಾಚೊ, ಬ್ರೂನೊ, ರ‍್ಯಾಶ್‌ಫೋರ್ಡ್. ಹೊಯ್ಲುಂಡ್. ಉಗಾರ್ಟೆ ಬೆಂಚಿನಲ್ಲಿ, ಅಮಾದ್ ಬೆಂಚಿನಲ್ಲಿ. ಮೇಷ್ಟ್ರು ನ್ಯಾಪ್‌ಕಿನ್ ಮೇಲೆ ಬರೆದ ಹನ್ನೊಂದಕ್ಕೆ ಹನ್ನೊಂದೂ. ಟೆನ್ ಹಾಗ್ ತನ್ನನ್ನು ಕೇಳಿಯೇ ಆರಿಸಿದ ಅನ್ನುವ ಹಾಗೆ ಎದೆ ಉಬ್ಬಿಸಿಕೊಂಡು ಒಳಗೆ ಹೋದ. ವೆಸ್ಟ್ ಹ್ಯಾಮ್ ಕಡೆ ರೈಟ್ ಬ್ಯಾಕ್ ವಾನ್ ಬಿಸಾಕ. ಆಗಸ್ಟಿನಲ್ಲಿ ನಾವೇ ಮಾರಿದ ಹುಡುಗ.

ಟಿವಿ ಮುಂದೆ ಭಾವ, ಮಾವ, ನಾವು. ಕಿಟಕಿ ಹೊರಗೆ ಲೈನ್ ಮನೆ ಹುಡುಗರು ನಿಂತಿದ್ದರು, ಅಕ್ಕ ಒಳಗೆ ಕರೆದು ಚಾಪೆ ಹಾಕಿದಳು.

ಮೊದಲ ಅರ್ಧ ಪೂರ್ತಿ ನಮ್ಮದೇ. ಗಾರ್ನಾಚೊ ಹೊಡೆದದ್ದು ಮೇಲಿನ ಕಂಬಕ್ಕೆ ಬಡಿಯಿತು. ಆಮೇಲೆ ದಾಲೊ. ಕೀಪರನ್ನು ದಾಟಿಕೊಂಡು ಹೋದ. ಮುಂದೆ ಬರೀ ಬಲೆ. ಕಾಲು ತಾಗಿಸಿದರೆ ಸಾಕಿತ್ತು. ಚೆಂಡು ಗೋಲಿನ ಮೇಲಿಂದ ಪ್ರೇಕ್ಷಕರ ಕಡೆ ಹೋಯಿತು. ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಚೆಲ್ಸಿಯಾ ಅಂಗಿಯವನು ಅಸ್ಸಾಮಿ ಭಾಷೆಯಲ್ಲಿ ಏನೋ ಅಂದ. ಅರ್ಥ ಕೇಳುವ ಅಗತ್ಯ ಬೀಳಲಿಲ್ಲ.

ನಿಜ ಹೇಳಬೇಕಂದ್ರೆ, ಟೆನ್ ಹಾಗ್ ಬಗ್ಗೆ ನನಗಿದ್ದ ಸಿಟ್ಟು ಆ ಅರ್ಧ ಗಂಟೆಯಲ್ಲಿ ಕಡಿಮೆಯಾಯಿತು. ಅವಕಾಶ ಮಾಡಿಕೊಡೋದು ಮ್ಯಾನೇಜರ್ ಕೆಲಸ. ಖಾಲಿ ಗೋಲಿಗೆ ಹೊಡೆಯೋದನ್ನ ಯಾವ ಮ್ಯಾನೇಜರ್ ಹೇಳಿಕೊಡಬೇಕು? 2023ರಲ್ಲಿ ಲೀಗ್ ಕಪ್, 2024ರ ಮೇನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2-1 ಸೋಲಿಸಿ ಎಫ್‌ಎ ಕಪ್ ತಂದುಕೊಟ್ಟವನು ಅವನು. ಅದೇ ವರ್ಷ ಲೀಗಿನಲ್ಲಿ 8ನೇ ಸ್ಥಾನ ಅನ್ನುವುದೂ ನಿಜ, ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಅಲ್ಲಿಯವರೆಗೆ ಯುನೈಟೆಡ್ ಅಷ್ಟು ಕೆಳಗಿಳಿದದ್ದೇ ಇರಲಿಲ್ಲ. ಗೋಲಿ ಎರಡನೆಯದನ್ನೇ ಹಿಡಿದುಕೊಂಡಿದ್ದ.

ಅರ್ಧ ಸಮಯಕ್ಕೆ 0-0. ಅಕ್ಕ ಕಾಫಿ ಕೊಟ್ಟಳು.

ಮತ್ತೆ ಶುರುವಾದಾಗ ಲೋಪೆಟೆಗಿ ತಂಡ ಬದಲಾಗಿತ್ತು. ಸಮ್ಮರ್‌ವಿಲ್ ಇಳಿದಿದ್ದ. ಆಮೇಲೆ ಡ್ಯಾನಿ ಇಂಗ್ಸ್ ಕೂಡ ಬಂದ. "ನೋಡ್ತಿರು" ಅಂದರು ಭಾವ. 74ನೇ ನಿಮಿಷ, ಇಂಗ್ಸ್ ಹೊಡೆದದ್ದು ಸರಿಯಾಗಿ ಕಾಲಿಗೇ ಕೂರಲಿಲ್ಲ, ಆದರೆ ತೆವಳುತ್ತಾ ಹೋಗಿ ಸಮ್ಮರ್‌ವಿಲ್ ಕಾಲಿಗೆ ಸಿಕ್ಕಿತು. ಗೋಲು. ಬೆಂಚಿನಿಂದ ಬಂದ ಇಬ್ಬರು. ನಾವು ಬೆಂಗಳೂರಿನಿಂದ ಹನ್ನೊಂದು ಜನರ ಬಗ್ಗೆ ಹೊಡೆದಾಡಿಕೊಂಡು ಬಂದಿದ್ದೆವು, ಲೋಪೆಟೆಗಿ ಹನ್ನೆರಡನೆಯವನಿಂದ ಶುರು ಮಾಡಿದ್ದ.

ಅಷ್ಟರಲ್ಲಿ ಮಳೆ. ಮಲೆನಾಡಿನಲ್ಲಿ ಮಳೆ ಜೋರಾದರೆ ಡಿಶ್ ಸತ್ತ ಹಾಗೆಯೇ. ಪರದೆ ನೀಲಿಯಾಯಿತು. ಭಾವ ಕೊಡೆ ಹಿಡಿದು ಹೊರಗೆ ಓಡಿದರು, ಅದರಿಂದೇನೂ ಪ್ರಯೋಜನವಿಲ್ಲ ಅಂತ ಅವರಿಗೂ ಗೊತ್ತು. ಗೋಲಿ ನೀರೊಲೆ ಕಡೆ ಓಡಿದ. ಚಿತ್ರ ವಾಪಸ್ ಬಂದಾಗ ಕ್ಯಾಸೆಮಿರೊ ಸುತ್ತ ಎಲ್ಲರೂ ಮುತ್ತಿಕೊಂಡಿದ್ದರು. 81ನೇ ನಿಮಿಷ, ಹೆಡ್ಡರ್, 1-1. ರಿಪ್ಲೇನಲ್ಲಷ್ಟೇ ನೋಡಿದ್ದು. ರೊನಾಲ್ಡೊ ಅಂಗಿಯವನು ಎದ್ದು ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಮೇಷ್ಟ್ರು ಅವನನ್ನು ಎತ್ತಿಕೊಂಡುಬಿಟ್ಟ. ಹಿತ್ತಲಿನಿಂದ ಓಡಿಬಂದ ಗೋಲಿ "ಯಾರು ಹೊಡೆದದ್ದು?" ಅಂತ ಕೇಳಿದ. ಯಾರೂ ಹೇಳಲಿಲ್ಲ, ಅನುಭವಿಸಲಿ ಅಂತ.

ಕೊನೆಗೆ ಆ ಪೆನಾಲ್ಟಿ. ಬಾಕ್ಸಿನಲ್ಲಿ ಇಂಗ್ಸ್ ಮತ್ತು ಡಿ ಲಿಟ್ ಕಾಲಿಗೆ ಕಾಲು ತಾಗಿತು, ಇಂಗ್ಸ್ ಬಿದ್ದ. ರೆಫರಿ ಡೇವಿಡ್ ಕೂಟ್ ಏನೂ ಕೊಡಲಿಲ್ಲ. ವಿಎಆರ್‌ನಲ್ಲಿ, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ಕಡೆ, ಕೂತಿದ್ದ ಮೈಕಲ್ ಆಲಿವರ್ ಪರದೆ ನೋಡಿ ಬಾ ಅಂತ ಕರೆದ. ಕೂಟ್ ಹೋಗಿ ನೋಡಿದ, ಬಂದು ಚುಕ್ಕೆ ತೋರಿಸಿದ. ಇದು ತಪ್ಪು ಅಂತ ನಾನು ಅವತ್ತೂ ಹೇಳಿದೆ. ಕೆಲವು ವಾರಗಳ ನಂತರ ರೆಫರಿಗಳ ಮುಖ್ಯಸ್ಥ ಹೊವಾರ್ಡ್ ವೆಬ್ ಕೂಡ ವಿಎಆರ್ ಅಲ್ಲಿ ತಲೆ ಹಾಕಬಾರದಿತ್ತು ಅಂದರು. ಆದರೆ ವೆಸ್ಟ್ ಹ್ಯಾಮ್‌ನ ಬೋವೆನ್ ಅವತ್ತು ಕಾಯಲಿಲ್ಲ, ಪೆನಾಲ್ಟಿ ಒದ್ದು ಗೋಲು ಮಾಡಿದ. 90+2. 2-1.

"ಸೊಂಟಕ್ಕೆ ತಾಗಿದ್ರೂ ಬೀಳಲ್ಲ ನಮ್ಮ ಹುಡುಗರು" ಅಂದರು ಮಾವ, ಚಾಪೆ ಮೇಲಿದ್ದವರ ಕಡೆ ಕೈ ತೋರಿಸಿ. ಆ ದಿನದ ವಿಶ್ಲೇಷಣೆಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಹತ್ತು ಗಂಟೆಗೆ ಆರ್ಸೆನಲ್, ಲಿವರ್‌ಪೂಲ್ ಪಂದ್ಯ. ಭಾವ ಹೊದಿಕೆ ತಂದು ಕೂತರು. ನಾವು ಮಲಗಿದೆವು. 2-2 ಆಯಿತು ಅಂತ ಬೆಳಗ್ಗೆ ಗೊತ್ತಾಯಿತು.

ಸೋಮವಾರ, ಅಕ್ಟೋಬರ್ 28

ಅಕ್ಕ ಕಾಫಿಪುಡಿ, ಕಾಳುಮೆಣಸು, ಒಂದು ಗೊನೆ ಬಾಳೆಹಣ್ಣು ಕಾರಿಗೆ ತುಂಬಿಸಿದಳು. ಊಟ ಮುಗಿಸಿಯೇ ಹೊರಟೆವು. ಬೇಲೂರಿನವರೆಗೆ ಯಾರೂ ಮಾತಾಡಲಿಲ್ಲ. ಹಾಸನದ ಬೈಪಾಸಿನಲ್ಲಿ ಗೋಲಿ ತಾನೇ ಬಾಯಿ ಬಿಟ್ಟ. ಉಗಾರ್ಟೆ ಇದ್ದಿದ್ರೆ ಮೊದಲ ಗೋಲು ಆಗ್ತಾ ಇರ್ಲಿಲ್ಲ, ಅಂದ. ಕ್ಯಾಸೆಮಿರೊ ಇಲ್ದಿದ್ರೆ ನಮ್ಮ ಗೋಲೂ ಆಗ್ತಾ ಇರ್ಲಿಲ್ಲ, ಅಂದ ಮೇಷ್ಟ್ರು.

ಚನ್ನರಾಯಪಟ್ಟಣದ ಹತ್ತಿರ ಟೀಗೆ ನಿಲ್ಲಿಸಿದಾಗ ಸಂಜೆಯಾಗಿತ್ತು. ಭಾವನ ಫೋನ್ ಬಂತು. "ನಿನ್ನೆ ಹೇಳ್ತಿದ್ರಲ್ಲ, ಸೋಮವಾರ ಮ್ಯಾನೇಜರ್ ಕೆಲಸ ಹೋಗುತ್ತೆ ಅಂತ. ಸರಿಯಾಗೇ ಹೇಳಿದ್ರಿ ನೋಡಪ್ಪ."

ಟೆನ್ ಹಾಗ್‌ನನ್ನು ಕಳಿಸಿದ್ದರು. 9 ಪಂದ್ಯ, 11 ಪಾಯಿಂಟ್, 14ನೇ ಸ್ಥಾನ. 8 ಗೋಲು ಹೊಡೆದು 11 ಬಿಟ್ಟುಕೊಟ್ಟಿದ್ದೆವು. ವೆಸ್ಟ್ ಹ್ಯಾಮ್‌ಗೂ ಈಗ 11 ಪಾಯಿಂಟೇ, ಗೋಲು ವ್ಯತ್ಯಾಸವೂ ನಮ್ಮಷ್ಟೇ. ಅವರು ಹೊಡೆದದ್ದು ಜಾಸ್ತಿ, ಹಾಗಾಗಿ ನಮಗಿಂತ ಮೇಲೆ. ಟೆನ್ ಹಾಗ್ ಜೊತೆ ಜುಲೈನಲ್ಲಷ್ಟೇ 2026ರವರೆಗೆ ಒಪ್ಪಂದ ಮುಂದುವರಿಸಿದ್ದರು. ಮಾವ ಕೇಳಿದ ಪರಿಹಾರದ ಲೆಕ್ಕ ಇವರಿಗೇ ಅನ್ವಯಿಸಿತು. ಲೋಪೆಟೆಗಿಗೆ 2025ರ ಜನವರಿ 8ರವರೆಗೆ ಸಮಯ ಸಿಕ್ಕಿತು, ಆಮೇಲೆ ಅವನನ್ನೂ ಕಳಿಸಿದರು.

ನಮಗೆ ಬೇಜಾರಾಗಬೇಕಿತ್ತು. ಆಯಿತು ಕೂಡ, ಟೀ ಮುಗಿಯುವವರೆಗೆ. ಹಂಗಾಮಿಯಾಗಿ ನಮ್ಮ ಹಳೆಯ ಸ್ಟ್ರೈಕರ್ ವಾನ್ ನಿಸ್ಟೆಲ್ರೂಯ್ ಅಂತ ಓದಿದ ಕೂಡಲೇ ಗೋಲಿಯ ಕಣ್ಣು ಅರಳಿತು. ಬುಧವಾರ ಲೀಗ್ ಕಪ್ಪಿನಲ್ಲಿ ಲೆಸ್ಟರ್ ಜೊತೆ ಪಂದ್ಯ. ಹೊಸ ಮ್ಯಾನೇಜರ್, ಹೊಸ ಹನ್ನೊಂದು. ಬೆಳ್ಳೂರು ಕ್ರಾಸ್ ಬರುವಷ್ಟರಲ್ಲಿ ಗೋಲಿಯ ತಂಡದಲ್ಲಿ ಉಗಾರ್ಟೆ ಇದ್ದ, ಅಮಾದ್ ಇದ್ದ, ಜಿರ್ಕ್‌ಜೀ ಇದ್ದ. ಕ್ಯಾಸೆಮಿರೊ ಇರಲಿಲ್ಲ. ಮೇಷ್ಟ್ರು ಆ ಒಂದು ಹೆಸರಿಗಾಗಿ ನೆಲಮಂಗಲದವರೆಗೆ ಹೋರಾಡಿದ. ಅಷ್ಟರಲ್ಲಿ ಲಿಸ್ಬನ್‌ನ ಕೋಚ್ ಅಮೊರಿಮ್ ಹೆಸರು ಮುಂದಿನ ಮ್ಯಾನೇಜರ್ ಅಂತ ಓಡಾಡತೊಡಗಿತು, ಅವನು ಡಿಫೆನ್ಸಿನಲ್ಲಿ ಮೂವರನ್ನು ನಿಲ್ಲಿಸುತ್ತಾನೆ ಅಂತ ಗೊತ್ತಾಗಿ ಎಲ್ಲಾ ಲೆಕ್ಕ ಮತ್ತೆ ಮೊದಲಿನಿಂದ.

ಬುಧವಾರ ನಡುರಾತ್ರಿ ದಾಟಿ ನಡೆದ ಆ ಪಂದ್ಯವನ್ನು ಯುನೈಟೆಡ್ 5-2ರಲ್ಲಿ ಗೆದ್ದಿತು. ಕ್ಯಾಸೆಮಿರೊ ಎರಡು ಹೊಡೆದ. ಮೇಷ್ಟ್ರು ರಾತ್ರಿ ಮೂರಕ್ಕೆ ಗೋಲಿಗೆ ಫೋನ್ ಮಾಡಿದನಂತೆ.

"ಲೆಸ್ಟರ್ ಡಿಫೆನ್ಸೂ ಒಂದು ಡಿಫೆನ್ಸಾ, ಇಡೋ ಫೋನು" ಅಂದನಂತೆ ಗೋಲಿ.